ತೊದಲು ನಾಲಿಗೆಯ ಗಣಿತಜ್ಞ ನಿಕೊಲೊ ಟಾರ್ಟಾಲಿಯ

ಮಕ್ಕಳನ್ನು ವರ್ಷಕ್ಕೊಮ್ಮೆ ಬೇಕಲ ಕೋಟೆಗೆ ಕರೆದೊಯ್ಯುವುದು ನಮ್ಮ ಶಾಲೆಯಲ್ಲಿ ನಡೆದುಬಂದ ವಾಡಿಕೆ. ಈ ಸ್ಮರಣ ಸಂಚಿಕೆಯನ್ನು ಓದುತ್ತಿರುವ ಹಳೆವಿದ್ಯಾರ್ಥಿಗಳಲ್ಲಿ ಹಲವರಿಗೆ ಆ ದಿನದ ಬಿಸಿಲು, ಬಾಳೆಲೆಯಲ್ಲಿ ಕಟ್ಟಿದ ಬುತ್ತಿ, ಕಡಲ ಗಾಳಿ ಇಂದಿಗೂ ನೆನಪಿರಬಹುದು. ಕೆಳದಿಯ ಶಿವಪ್ಪ ನಾಯಕನು 1650ರ ಸುಮಾರಿಗೆ ಕಟ್ಟಿಸಿದನೆಂದು ಹೇಳಲಾಗುವ ಆ ಕೋಟೆಯ ಹೊರಗೋಡೆಯಲ್ಲಿ ಮೂರು ನೆಲೆಯ ಕಿಂಡಿಗಳಿವೆ. ಮೇಲಿನ ಕಿಂಡಿ ದೂರದ ಗುರಿಗೆ, ನಡುವಿನದು ಸಮೀಪದ ಗುರಿಗೆ, ಕೆಳಗಿನದು ಗೋಡೆಯ ಬುಡಕ್ಕೇ ಬಂದುಬಿಟ್ಟ ವೈರಿಗೆ. ಕಿಂಡಿಯ ಓರೆ ಬದಲಾದಂತೆ ಗುರಿಯ ದೂರವೂ ಬದಲಾಗುತ್ತದೆ. ಇದನ್ನು ವಿವರಿಸಿ ಮುಗಿಸುವಷ್ಟರಲ್ಲಿ ಯಾವನಾದರೊಬ್ಬ ಹುಡುಗ ಅಥವಾ ಹುಡುಗಿ ಆ ಪ್ರಶ್ನೆಯನ್ನು ಕೇಳಿಯೇ ಕೇಳುತ್ತದೆ: ಎಷ್ಟು ಓರೆಯಾಗಿ ಹಿಡಿದು ಹಾರಿಸಿದರೆ ಗುಂಡು ಎಲ್ಲಕ್ಕಿಂತ ದೂರ ಹೋಗಿ ಬೀಳುತ್ತದೆ?

ಶಾಲೆಯ ಹಿಂದಿನ ಗುಡ್ಡೆಯಲ್ಲಿ ಕಾಟುಮಾವಿನ ಮರಕ್ಕೆ ಕಲ್ಲೆಸೆದು ಬೆಳೆದ ಮಕ್ಕಳ ಕೈಗೆ ಇದರ ಉತ್ತರ ಗೊತ್ತಿದೆ, ಬಾಯಿಗೆ ಗೊತ್ತಿಲ್ಲ. ತೀರ ತಗ್ಗಿಸಿ ಎಸೆದರೆ ಕಲ್ಲು ಬೇಗನೆ ನೆಲ ಸೇರುತ್ತದೆ. ತೀರ ಎತ್ತರಿಸಿ ಎಸೆದರೆ ಹತ್ತಿರದಲ್ಲೇ ಬೀಳುತ್ತದೆ. ಇವೆರಡರ ನಡುವೆ ಎಲ್ಲೋ ಒಂದು ಒಳ್ಳೆಯ ಓರೆ ಇರಬೇಕು. ಅದು ಯಾವುದು, ಅದೇ ಏಕೆ?

ಬೇಕಲ ಕೋಟೆ ಏಳುವುದಕ್ಕೆ ನೂರಕ್ಕೂ ಹೆಚ್ಚು ವರ್ಷ ಮೊದಲು, ದೂರದ ಇಟಲಿಯ ಇನ್ನೊಂದು ಕೋಟೆಯಲ್ಲಿ ಫಿರಂಗಿ ಹಾರಿಸುವವನೊಬ್ಬ ಇದೇ ಪ್ರಶ್ನೆಯನ್ನು ತನ್ನ ಗೆಳೆಯನ ಮುಂದಿಟ್ಟನು. ಆ ಗೆಳೆಯನು ಯಾವ ವಿಶ್ವವಿದ್ಯಾಲಯದ ಮೆಟ್ಟಿಲನ್ನೂ ಹತ್ತಿದವನಲ್ಲ. ನೆಟ್ಟಗೆ ಮಾತನಾಡಲೂ ಆಗದವನು. ಅವನೇ ನಿಕೊಲೊ ಟಾರ್ಟಾಲಿಯ. ಶತಮಾನದ ಹೊಸ್ತಿಲನ್ನು ದಾಟುತ್ತಿರುವ ಕನ್ನಡ ಶಾಲೆಯೊಂದರ ಸಂಚಿಕೆಯಲ್ಲಿ ಅವನ ಬದುಕನ್ನು ನೆನೆಯುವುದು ಉಚಿತವೆಂದು ನಾವು ಭಾವಿಸಿದೆವು. ಏಕೆಂಬುದು ಓದುತ್ತ ಹೋದಂತೆ ತಿಳಿದೀತು.

ಗಾಯಗೊಂಡ ಬಾಲ್ಯ

ಉತ್ತರ ಇಟಲಿಯ ಬ್ರೆಶಾ ಎಂಬ ಪಟ್ಟಣದಲ್ಲಿ, 1499 ಅಥವಾ 1500ರಲ್ಲಿ ನಿಕೊಲೊ ಹುಟ್ಟಿದನು. ತಂದೆ ಮಿಕೆಲೆ ಕುದುರೆಯ ಮೇಲೆ ಊರಿಂದೂರಿಗೆ ಪತ್ರಗಳನ್ನು ಒಯ್ಯುವ ಅಂಚೆಯಾಳು. ಮಗನಿಗೆ ಸುಮಾರು ಆರು ವರ್ಷ ತುಂಬಿದಾಗ ಆ ತಂದೆ ದಾರಿಯಲ್ಲಿ ಕಳ್ಳರ ಕೈಯಲ್ಲಿ ಕೊಲೆಯಾದನು. ತಾಯಿಯೂ ಮಕ್ಕಳೂ ಬಡತನಕ್ಕೆ ಬಿದ್ದರು.

1512ರ ಫೆಬ್ರುವರಿಯಲ್ಲಿ ಗಾಸ್ತೋಂ ದ ಫ್ವಾ ಎಂಬ ದಳಪತಿಯ ಕೈಕೆಳಗಿನ ಫ್ರೆಂಚ್ ಸೈನ್ಯ ಬ್ರೆಶಾ ಪಟ್ಟಣವನ್ನು ಹಿಡಿದು ಕೊಳ್ಳೆ ಹೊಡೆಯಿತು. ಪ್ರಾಣಭಯದಿಂದ ಜನರು ನಗರದ ದೊಡ್ಡ ದೇವಾಲಯದೊಳಗೆ ಸೇರಿಕೊಂಡರು. ನಿಕೊಲೊ ಕೂಡ ತಾಯಿ ಮತ್ತು ತಂಗಿಯೊಡನೆ ಅಲ್ಲಿಯೇ ಇದ್ದನು. ದೇವರ ಮನೆಯೆಂಬ ಸಂಕೋಚ ಸೈನಿಕರಿಗೆ ಇರಲಿಲ್ಲ. ಹನ್ನೆರಡರ ಆ ಹುಡುಗನಿಗೆ ಐದು ಏಟುಗಳು ಬಿದ್ದವು; ಮೂರು ತಲೆಗೆ, ಎರಡು ಮುಖಕ್ಕೆ. ಮುಖದ ಏಟಿಗೆ ದವಡೆ ಸೀಳಿತು, ಅಂಗಳ ಹರಿಯಿತು, ಹಲ್ಲುಗಳು ಮುರಿದವು.

ವೈದ್ಯನಿಗೆ ಕೊಡಲು ತಾಯಿಯ ಬಳಿ ಹಣವಿರಲಿಲ್ಲ. ನಾಯಿಗಳು ತಮ್ಮ ಗಾಯವನ್ನು ನೆಕ್ಕಿ ನೆಕ್ಕಿ ವಾಸಿಮಾಡಿಕೊಳ್ಳುವುದನ್ನು ಆಕೆ ಕಂಡಿದ್ದಳು. ಅದೊಂದೇ ತಿಳಿವಳಿಕೆಯ ಬಲದಿಂದ ಮಗನ ಗಾಯಗಳನ್ನು ದಿನವೂ ಶುಚಿಮಾಡುತ್ತ ಅವನನ್ನು ಉಳಿಸಿಕೊಂಡಳು. ಎಷ್ಟೋ ವರ್ಷಗಳ ಮೇಲೆ ಮಗನು ಇದನ್ನು ತನ್ನ ಪುಸ್ತಕದಲ್ಲಿ ಬರೆದಿಟ್ಟನು. ಆ ತಾಯಿಯ ವಿಚಾರವಾಗಿ ಜಗತ್ತಿಗೆ ತಿಳಿದಿರುವುದು ಹೆಚ್ಚುಕಡಿಮೆ ಇಷ್ಟೇ. ಆದರೆ ಇಷ್ಟು ಸಾಕು.

ಗಾಯ ಮಾಗಿತು, ಮಾತು ಮಾತ್ರ ಸರಿಹೋಗಲಿಲ್ಲ. ಬಹುಕಾಲ ಹುಡುಗನಿಗೆ ಅನ್ನವನ್ನು ಅಗಿಯುವುದೂ ಕಷ್ಟ, ಮಾತು ಹೊರಡುವುದೂ ಕಷ್ಟ. ಓರಗೆಯ ಹುಡುಗರು ಅವನಿಗೆ ಟಾರ್ಟಾಲಿಯ ಎಂದು ಹೆಸರಿಟ್ಟರು. ತೊದಲುವವನು ಎಂಬುದು ಅದರ ಅರ್ಥ. ಮುಂದೆ ಅವನು ಗಲ್ಲದ ಕಲೆಗಳನ್ನು ಗಡ್ಡದಿಂದ ಮುಚ್ಚಿದನು. ಆದರೆ ಹಂಗಿಸಿ ಕರೆದ ಆ ಹೆಸರನ್ನು ಮುಚ್ಚಲಿಲ್ಲ. ತನ್ನ ಎಲ್ಲ ಗ್ರಂಥಗಳ ಮೇಲೂ ಅದನ್ನೇ ಅಚ್ಚು ಹಾಕಿಸಿದನು. ತರಗತಿಯಲ್ಲಿ ಎದ್ದು ನಿಂತು ಓದಲು ನಾಚುವ ಮಕ್ಕಳನ್ನು ಮೂವತ್ತು ವರ್ಷಗಳಿಂದ ನೋಡುತ್ತ ಬಂದಿರುವ ನಮಗೆ ಇದು ಸಣ್ಣ ಸಂಗತಿಯೆಂದು ತೋರುವುದಿಲ್ಲ.

ಅರ್ಧ ವರ್ಣಮಾಲೆ

ಹದಿನಾಲ್ಕರ ವಯಸ್ಸಿನಲ್ಲಿ ನಿಕೊಲೊ ಅಕ್ಷರ ಕಲಿಯಲು ಒಬ್ಬ ಉಪಾಧ್ಯಾಯನ ಬಳಿಗೆ ಹೋದನು. ಕಲಿಕೆಯ ಶುಲ್ಕವನ್ನು ಮೂರು ಕಂತುಗಳಲ್ಲಿ ಕೊಡಬೇಕಿತ್ತು. ಮೊದಲ ಕಂತು ಮುಂಗಡ, ಎರಡನೆಯದು ಕೆ ಎಂಬ ಅಕ್ಷರಕ್ಕೆ ಬಂದಾಗ, ಕೊನೆಯದು ವರ್ಣಮಾಲೆ ಮುಗಿದಾಗ. ಕೆ ಅಕ್ಷರ ಬರುವ ಹೊತ್ತಿಗೆ ಮನೆಯಲ್ಲಿ ಹಣ ತೀರಿತ್ತು. ಪಾಠ ಅಲ್ಲಿಗೆ ನಿಂತಿತು. ಉಳಿದ ಅಕ್ಷರಗಳ ಮಾದರಿ ಬರೆಹವನ್ನು ಅವನು ಹೇಗೋ ದೊರಕಿಸಿಕೊಂಡು ತಾನಾಗಿಯೇ ತಿದ್ದಿ ಕಲಿತನು. ಅಲ್ಲಿಂದ ಮುಂದೆ ಬಡತನವೊಂದನ್ನೇ ಜೊತೆಗಾರನಾಗಿ, ತೀರಿಹೋದ ಹಿರಿಯರ ಗ್ರಂಥಗಳನ್ನೇ ಗುರುಗಳಾಗಿ ಇಟ್ಟುಕೊಂಡು ಕಲಿತೆನೆಂದು ಅವನು ಹೇಳಿಕೊಂಡಿದ್ದಾನೆ.

ಈ ಸಂಚಿಕೆಗಾಗಿ ನಾವು ಶಾಲೆಯ ಹಳೆಯ ದಾಖಲಾತಿ ಪುಸ್ತಕಗಳನ್ನು ಕಪಾಟಿನಿಂದ ಇಳಿಸಿ ತಿರುವಿಹಾಕಿದೆವು. ಮಾಸಿದ ಶಾಯಿಯ ಆ ಸಾಲುಗಳಲ್ಲಿ ನಡುವರ್ಷದಲ್ಲಿಯೇ ಶಾಲೆ ಬಿಟ್ಟ ಮಕ್ಕಳ ಹೆಸರುಗಳು ಒಂದೆರಡಲ್ಲ. ಕಾರಣದ ಅಂಕಣದಲ್ಲಿ ಕೆಲವೆಡೆ ಒಂದು ಗೆರೆ ಮಾತ್ರ ಇದೆ. ಅವರಲ್ಲಿ ಒಬ್ಬೊಬ್ಬರಿಗೂ ಒಂದೊಂದು ಅಕ್ಷರದಲ್ಲಿ ಪಾಠ ನಿಂತಿರಬೇಕು. ನಿಕೊಲೊ ತಾನಾಗಿ ಕಲಿತನೆಂಬುದು ಅವನ ಹಿರಿಮೆ. ಆದರೆ ಎಲ್ಲ ಮಕ್ಕಳೂ ನಿಕೊಲೊ ಆಗಲೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಆ ಕಾರಣಕ್ಕಾಗಿಯೇ ನೂರು ವರ್ಷಗಳ ಹಿಂದೆ ಹಿರಿಯರು ಈ ಶಾಲೆಯನ್ನು ಕಟ್ಟಿದರು.

ಫಿರಂಗಿಯವನ ಪ್ರಶ್ನೆ

ಇಪ್ಪತ್ತು ವರ್ಷ ತುಂಬುವ ಮೊದಲೇ ನಿಕೊಲೊ ವೆರೋನಾ ನಗರಕ್ಕೆ ಹೋಗಿ ವ್ಯಾಪಾರಿಗಳಿಗೂ ಅವರ ಮಕ್ಕಳಿಗೂ ಲೆಕ್ಕ ಕಲಿಸುತ್ತ ಜೀವನ ಸಾಗಿಸಿದನು. ಅಲ್ಲಿಯ ಹಳೆಯ ಕೋಟೆಯಲ್ಲಿ ಫಿರಂಗಿ ಹಾರಿಸುವ ಒಬ್ಬ ಗೆಳೆಯನಿದ್ದನು. 1531ರಲ್ಲಿ ಆ ಗೆಳೆಯನು, ಫಿರಂಗಿಯನ್ನು ಎಷ್ಟು ಎತ್ತಿದರೆ ಗುಂಡು ಅತಿ ದೂರ ಹೋಗುವುದೆಂದು ಕೇಳಿದನು. ನಿಕೊಲೊ ತನ್ನ ಜೀವನದಲ್ಲಿ ಒಮ್ಮೆಯೂ ಫಿರಂಗಿ ಹಾರಿಸಿದವನಲ್ಲ. ಆದರೂ ಪ್ರಶ್ನೆಯನ್ನು ಮನೆಗೆ ಒಯ್ದು, ಯೋಚಿಸಿ, ರೇಖೆಗಳನ್ನು ಎಳೆದು, ಉತ್ತರ ತಂದನು. ನೆಲಕ್ಕೆ ಸಮವಾದ ಅಡ್ಡ ಗೆರೆಗೂ ನೆಟ್ಟಗೆ ನಿಂತ ಲಂಬ ಗೆರೆಗೂ ನಟ್ಟನಡುವೆ, ಎಂದರೆ 45 ಡಿಗ್ರಿಯಲ್ಲಿ ಹಿಡಿಯಬೇಕು.

ಇದನ್ನು ಅಳೆಯಲು ಅವನು ಒಂದು ಸರಳ ಉಪಕರಣವನ್ನೂ ವಿವರಿಸಿದನು. ಬಡಗಿಯ ಮಟ್ಟಗೋಲಿನಂತೆ ಎರಡು ಕೋಲುಗಳು ಲಂಬವಾಗಿ ಕೂಡಿರುತ್ತವೆ. ಒಂದು ಉದ್ದ, ಒಂದು ಗಿಡ್ಡ. ಉದ್ದನೆಯದನ್ನು ಫಿರಂಗಿಯ ಬಾಯೊಳಗೆ ತೂರಿಸಬೇಕು. ಎರಡೂ ಕೂಡುವ ಮೂಲೆಯಿಂದ ಗಾರೆಯವರ ತೂಗುಗುಂಡಿನಂತೆ ದಾರವೊಂದು ಇಳಿಬಿದ್ದಿರುತ್ತದೆ. ನಡುವಣ ಕಾಲುವೃತ್ತವನ್ನು ಹನ್ನೆರಡು ಸಮಭಾಗ ಮಾಡಿದೆ. ಫಿರಂಗಿಯನ್ನು ಎತ್ತಿದಂತೆ ದಾರವು ಒಂದೊಂದೇ ಗುರುತಿಗೆ ಸರಿಯುತ್ತದೆ. ಒಂದು ಗುರುತೆಂದರೆ ಏಳೂವರೆ ಡಿಗ್ರಿ. ಆರನೆಯ ಗುರುತು 45 ಡಿಗ್ರಿ.

ಅನುಭವಸ್ಥನಾದ ಇನ್ನೊಬ್ಬ ಫಿರಂಗಿಯವನು ಇದನ್ನು ಒಪ್ಪಲಿಲ್ಲ. ಆರನೆಯ ಗುರುತು ಅತಿಯಾಯಿತು, ನಾಲ್ಕನೆಯದೇ, ಎಂದರೆ 30 ಡಿಗ್ರಿಯೇ ಸರಿಯೆಂದು ಅವನ ಅಭಿಪ್ರಾಯ. ಪಂಥ ಕಟ್ಟಿದರು. 1532ರಲ್ಲಿ ವೆರೋನಾದ ಬಯಲಿನಲ್ಲಿ ಇಪ್ಪತ್ತು ಪೌಂಡಿನ ಗುಂಡು ಹಾರಿಸುವ ಫಿರಂಗಿಯನ್ನು ನಿಲ್ಲಿಸಿ ಎರಡೂ ಓರೆಯಲ್ಲಿ ಹಾರಿಸಿ ನೋಡಿದರು. ನಾಲ್ಕನೆಯ ಗುರುತಿನಲ್ಲಿ ಗುಂಡು ಆರು ಅಡಿಯ ಕೋಲಿನಲ್ಲಿ 1872 ಅಳತೆ ದೂರ ಹೋಯಿತು. ಆರನೆಯ ಗುರುತಿನಲ್ಲಿ 1972. ನಿಕೊಲೊ ಗೆದ್ದನು.

ಸರಿಯಾದ ಉತ್ತರ, ಸರಿಯಿಲ್ಲದ ಕಾರಣ

ಇಲ್ಲಿಗೆ ಕಥೆ ಮುಗಿದಿದ್ದರೆ ಅದು ಬರಿಯ ಜಾಣನ ಕಥೆಯಾಗುತ್ತಿತ್ತು. ಉಪಾಧ್ಯಾಯರಾದ ನಮಗೆ ಇದರಲ್ಲಿ ಹಿಡಿಸುವುದು ಬೇರೆಯೇ ಇದೆ. ನಿಕೊಲೊವಿನ ಉತ್ತರ ಸರಿಯಾಗಿತ್ತು. ಅದಕ್ಕೆ ಅವನು ಕೊಟ್ಟ ಕಾರಣ ಸರಿಯಿರಲಿಲ್ಲ.

ಅಂದಿನ ಪಂಡಿತರು ಅರಿಸ್ಟಾಟಲನನ್ನು ಅನುಸರಿಸಿ ಚಲನೆಯನ್ನು ಎರಡಾಗಿ ಒಡೆದಿದ್ದರು. ಭಾರವಾದ ವಸ್ತು ತಾನಾಗಿ ಕೆಳಗೆ ಬೀಳುವುದು ಸಹಜ ಚಲನೆ. ಹೊರಗಿನ ಬಲದಿಂದ ಚಿಮ್ಮುವುದು ಬಲಾತ್ಕಾರದ ಚಲನೆ. ನಿಕೊಲೊ ಆ ಮಾತನ್ನೇ ಹಿಡಿದು ಗುಂಡಿನ ದಾರಿಯನ್ನು ಮೂರು ತುಂಡಾಗಿ ಚಿತ್ರಿಸಿದನು: ಮೊದಲು ನೇರ ಗೆರೆ, ಅನಂತರ ವೃತ್ತದ ಒಂದು ತುಣುಕು, ಕೊನೆಗೆ ನೆಟ್ಟಗೆ ಕೆಳಗಿಳಿಯುವ ನೇರ ಗೆರೆ. ಕಲ್ಲೆಸೆದು ನೋಡಿದ ಯಾವ ಮಗುವೂ ಇದನ್ನು ಒಪ್ಪಲಾರದು. ಅವನ ಮನಸ್ಸೂ ಪೂರ್ತಿಯಾಗಿ ಒಪ್ಪಿರಲಿಲ್ಲವೆಂದು ತೋರುತ್ತದೆ. 1546ರ ಗ್ರಂಥದಲ್ಲಿ ಅವನು ತನ್ನ ಮಾತನ್ನು ತಾನೇ ತಿದ್ದಿ, ಗುಂಡಿನ ದಾರಿಯ ಯಾವ ಭಾಗವೂ ನಿಜವಾಗಿ ನೇರವಲ್ಲ, ಭಾರವು ಅದನ್ನು ಆರಂಭದಿಂದಲೇ ಬಾಗಿಸುತ್ತಿರುತ್ತದೆ ಎಂದು ಸಾರಿದನು. ಅಚ್ಚಾದ ಮಾತನ್ನು ತಿದ್ದಿಕೊಳ್ಳುವುದು ಅಂದಿಗೂ ಇಂದಿಗೂ ಸುಲಭವಲ್ಲ.

ನಿಜವಾದ ಕಾರಣವನ್ನು ಕಂಡವನು ಗೆಲಿಲಿಯೊ. ಅವನು ಹುಟ್ಟಿದ್ದು 1564ರಲ್ಲಿ, ನಿಕೊಲೊ ತೀರಿಕೊಂಡ ಏಳನೆಯ ವರ್ಷದಲ್ಲಿ. ಎಸೆದ ವಸ್ತುವಿನಲ್ಲಿ ಎರಡು ಚಲನೆಗಳು ಒಟ್ಟಿಗೆ, ಒಂದನ್ನೊಂದು ಕೆಡಿಸದೆ ನಡೆಯುತ್ತವೆಂದು ಅವನು ತೋರಿಸಿದನು. ಮುಂದಕ್ಕೆ ಸಾಗುವುದು ಒಂದೇ ಸಮನಾದ ವೇಗದಲ್ಲಿ; ಮೇಲೇರಿ ಕೆಳಗಿಳಿಯುವುದು ಗುರುತ್ವದ ನಿಯಮದಂತೆ. ಎರಡೂ ಕೂಡಿದಾಗ ಮೂಡುವ ದಾರಿ ಪರವಲಯ.

ಈ ಮಾತನ್ನು ನಾವು ಒಂಬತ್ತು, ಹತ್ತನೆಯ ತರಗತಿಯ ಮಕ್ಕಳಿಗೆ ಲೆಕ್ಕದ ಮೂಲಕ ಹೇಳುತ್ತೇವೆ. ಪೋಷಕರೂ ಒಮ್ಮೆ ನೋಡಬಹುದು. ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಒಂದು ಚೆಂಡನ್ನು ಸಮತಟ್ಟಾದ ಮೈದಾನದಲ್ಲಿ ಎಸೆದೆವೆಂದುಕೊಳ್ಳೋಣ. ಗಾಳಿಯ ತಡೆಯನ್ನು ಬದಿಗಿಟ್ಟು, ಗುರುತ್ವದ ವೇಗವರ್ಧನೆಯನ್ನು ಸುಲಭಕ್ಕಾಗಿ 10 ಎಂದು ಹಿಡಿಯೋಣ. 30 ಡಿಗ್ರಿಯಲ್ಲಿ ಎಸೆದರೆ ಚೆಂಡು ಸೆಕೆಂಡಿಗೆ 17.3 ಮೀಟರಿನಂತೆ ಮುಂದಕ್ಕೆ ಓಡುತ್ತದೆ. ಆದರೆ ಗಾಳಿಯಲ್ಲಿ ಇರುವುದು 2 ಸೆಕೆಂಡು ಮಾತ್ರ. ಕ್ರಮಿಸುವ ದೂರ 34.6 ಮೀಟರ್. 60 ಡಿಗ್ರಿಯಲ್ಲಿ ಎಸೆದರೆ ಸುಮಾರು ಮೂರೂವರೆ ಸೆಕೆಂಡು ಗಾಳಿಯಲ್ಲಿರುತ್ತದೆ. ಆದರೆ ಮುಂದಕ್ಕೆ ಓಡುವ ವೇಗ 10 ಮೀಟರಿಗೆ ಇಳಿಯುತ್ತದೆ. ದೂರ ಮತ್ತೆ ಅದೇ 34.6 ಮೀಟರ್. 45 ಡಿಗ್ರಿಯಲ್ಲಿ ಕಾಲ ಮತ್ತು ವೇಗ ಎರಡಕ್ಕೂ ನ್ಯಾಯ ದೊರೆತು ಚೆಂಡು 40 ಮೀಟರ್ ಹೋಗುತ್ತದೆ. 15 ಮತ್ತು 75 ಡಿಗ್ರಿಗಳು ಇನ್ನೊಂದು ಜೋಡಿ. ಎರಡರಲ್ಲಿಯೂ 20 ಮೀಟರ್. 45ರಿಂದ ಎಷ್ಟು ಕೆಳಗಿಳಿದರೂ ಅಷ್ಟೇ ಮೇಲೇರಿದರೂ ದೂರ ಒಂದೇ ಎಂಬ ಈ ಚೆಲುವನ್ನು ಸಾಧಿಸಿ ತೋರಿಸಿದವನೂ ಗೆಲಿಲಿಯೊ. ಇನ್ನೊಂದು ವಿಶೇಷವೆಂದರೆ 45ರ ಆಸುಪಾಸಿನಲ್ಲಿ ಸಣ್ಣ ತಪ್ಪಿಗೆ ದೊಡ್ಡ ದಂಡವಿಲ್ಲ. 40 ಡಿಗ್ರಿಯಲ್ಲಿ ಎಸೆದರೂ 39.4 ಮೀಟರ್ ಸಿಗುತ್ತದೆ.

ಹಾಗಾದರೆ ವೆರೋನಾದ ಪಂಥದ ಅಂಕಿಗಳನ್ನು ಮತ್ತೆ ನೋಡಬೇಕು. ಲೆಕ್ಕದ ಪ್ರಕಾರ 45 ಡಿಗ್ರಿಯಲ್ಲಿ 1972 ಹೋದ ಗುಂಡು 30 ಡಿಗ್ರಿಯಲ್ಲಿ 1708ರ ಸುಮಾರಿಗೆ ಬೀಳಬೇಕಿತ್ತು. ಬಿದ್ದದ್ದು 1872ಕ್ಕೆ. ಈ ಅಂತರಕ್ಕೆ ಮುಖ್ಯ ಕಾರಣ ಗಾಳಿ. ವೇಗವಾಗಿ ಹಾರುವ ಗುಂಡನ್ನು ಗಾಳಿ ಬಲವಾಗಿ ತಡೆಯುತ್ತದೆ. ಹೆಚ್ಚು ಹೊತ್ತು ಗಾಳಿಯಲ್ಲಿದ್ದಷ್ಟೂ ತಡೆಯ ಕೆಲಸ ಹೆಚ್ಚು. ಆದ್ದರಿಂದ ನಿಜವಾದ ಫಿರಂಗಿಗೆ ಅತ್ಯುತ್ತಮ ಓರೆ 45ಕ್ಕಿಂತ ಕೆಳಗೇ ಇರುತ್ತದೆ. ಪಂಥದಲ್ಲಿ ಸೋತ ಫಿರಂಗಿಯವನ ಕೈಯ ಅನುಭವವೂ ತೀರ ಸುಳ್ಳಾಗಿರಲಿಲ್ಲ. ನಮ್ಮ ಕ್ರೀಡೋತ್ಸವದಲ್ಲಿ ಗುಂಡೆಸೆಯುವ ಮಕ್ಕಳಿಗೂ ದೈಹಿಕ ಶಿಕ್ಷಕರು ಕೈಯನ್ನು 45ಕ್ಕಿಂತ ತುಸು ತಗ್ಗಿಸಲು ಹೇಳುತ್ತಾರೆ. ಅದಕ್ಕೆ ಕಾರಣ ಬೇರೆ: ಗುಂಡು ನೆಲದಿಂದಲ್ಲ, ಹೆಗಲಿನ ಎತ್ತರದಿಂದ ಹೊರಡುತ್ತದೆ, ಓರೆ ಹೆಚ್ಚಿದಂತೆ ತೋಳಿನ ತಳ್ಳುವ ಬಲವೂ ಕುಂದುತ್ತದೆ. ಉತ್ತರವನ್ನು ಬಾಯಿಪಾಠ ಮಾಡಿದವನಿಗೆ ಇಲ್ಲಿ ಗೊಂದಲವಾಗುತ್ತದೆ. ಕಾರಣವನ್ನು ತಿಳಿದವನಿಗೆ ಆಗುವುದಿಲ್ಲ.

ಸುಟ್ಟ ಹಾಳೆಗಳು

ಫಿರಂಗಿಯ ಶಾಸ್ತ್ರವನ್ನು ಬರೆಯಲು ಹೊರಟ ನಿಕೊಲೊವಿಗೆ ನಡುವೆ ಮನಸ್ಸು ಕುಟುಕಿತು. ಮನುಷ್ಯರನ್ನು ಕೊಲ್ಲುವ ಕೆಲಸವನ್ನು ಇನ್ನಷ್ಟು ನಿಪುಣವಾಗಿಸುವುದು ನಿಂದ್ಯವೆಂದು ತೋರಿ, ಬರೆದಿಟ್ಟ ಹಾಳೆಗಳನ್ನು ಸುಟ್ಟುಹಾಕಿದೆನೆಂದು ಅವನು ತಿಳಿಸಿದ್ದಾನೆ. ಹನ್ನೆರಡನೆಯ ವಯಸ್ಸಿನಲ್ಲಿ ಸೈನಿಕನ ಕತ್ತಿಗೆ ಮುಖ ಕೊಟ್ಟವನ ಮಾತು ಇದು. ಆಮೇಲೆ ತುರ್ಕಿಯ ಸುಲ್ತಾನ ಸುಲೇಮಾನನ ಸೈನ್ಯ ಇಟಲಿಯ ಮೇಲೆ ಬರುವುದೆಂಬ ಭೀತಿ ಹಬ್ಬಿದಾಗ ಅವನು ಮನಸ್ಸು ಬದಲಿಸಿದನು. 1537ರಲ್ಲಿ ವೆನಿಸ್ ನಗರದಲ್ಲಿ ಅವನ ಗ್ರಂಥ ಅಚ್ಚಾಯಿತು. ಅದರ ಹೆಸರು ನೋವಾ ಶಿಯೆನ್ಶಿಯಾ, ಎಂದರೆ ಹೊಸ ವಿಜ್ಞಾನ. ಉರ್ಬಿನೋದ ದೊರೆಗೆ ಅರ್ಪಣೆಯಾದ ಆ ಪುಸ್ತಕ ಎಸೆದ ವಸ್ತುಗಳ ಚಲನೆಯನ್ನು ಗಣಿತದ ಹಾದಿಯಲ್ಲಿ ಬಿಡಿಸಲು ಹೊರಟ ಮೊದಮೊದಲ ಗ್ರಂಥಗಳಲ್ಲಿ ಒಂದು. ಅವನು ಮನಸ್ಸು ಬದಲಿಸಿದ್ದು ಸರಿಯೋ ತಪ್ಪೋ ಎಂಬುದನ್ನು ನಾವು ಇಲ್ಲಿ ತೀರ್ಮಾನಿಸಲಾರೆವು. ಆದರೆ ತಿಳಿವಳಿಕೆಯನ್ನು ಕೈಗೆ ಕೊಡುವ ಮುನ್ನ ಅವನ ಕೈ ಒಮ್ಮೆ ನಡುಗಿತೆಂಬುದನ್ನು ಮಕ್ಕಳಿಗೆ ಹೇಳದೆ ಬಿಡಲಾರೆವು.

ಆ ಗ್ರಂಥದ ಮೊದಲ ಪುಟದ ಚಿತ್ರ ಸೊಗಸಾಗಿದೆ. ಗೋಡೆಯಿಂದ ಸುತ್ತುವರಿದ ಒಂದು ಅಂಗಳ. ಅದರ ಬಾಗಿಲನ್ನು ತೆರೆಯುತ್ತಿರುವವನು ರೇಖಾಗಣಿತದ ಯೂಕ್ಲಿಡ್. ಒಳಗೆ ಗಣಿತವಿದ್ಯೆಗಳ ನಡುವೆ ನಿಕೊಲೊ ನಿಂತಿದ್ದಾನೆ. ಫಿರಂಗಿಗಳಿಂದ ಹೊರಟ ಗುಂಡುಗಳು ಬಾಗಿದ ದಾರಿಯಲ್ಲಿ ಹಾರುತ್ತಿವೆ. ಇನ್ನೂ ಆಚೆಯ ಬಾಗಿಲಲ್ಲಿ ಪ್ಲೇಟೋ ಮತ್ತು ಅರಿಸ್ಟಾಟಲ್ ಇದ್ದಾರೆ. ಅದರೊಳಗೆ ತತ್ತ್ವಜ್ಞಾನ ಕುಳಿತಿದೆ. ಯೂಕ್ಲಿಡನ ಬಾಗಿಲನ್ನು ಹಾಯದೆ ಒಳಕ್ಕೆ ದಾರಿಯಿಲ್ಲ.

ಮಾತೃಭಾಷೆಯ ಬಾಗಿಲು

ಆದರೆ ಅಂದು ಆ ಬಾಗಿಲಿಗೆ ಲ್ಯಾಟಿನ್ ಎಂಬ ಬೀಗ ಇತ್ತು. ವಿದ್ವಾಂಸರೆನಿಸಿಕೊಂಡವರು ಬರೆಯುತ್ತಿದ್ದುದು, ವಾದಿಸುತ್ತಿದ್ದುದು ಲ್ಯಾಟಿನ್‌ನಲ್ಲಿ. ಫಿರಂಗಿಯವನಿಗೂ ಶಿಲ್ಪಿಗೂ ವ್ಯಾಪಾರಿಗೂ ಆ ಭಾಷೆ ಬಾರದು. ನಿಕೊಲೊ ತನ್ನ ಮುಖ್ಯ ಗ್ರಂಥಗಳನ್ನು ಆಡುಮಾತಾದ ಇಟಾಲಿಯನ್‌ನಲ್ಲಿ ಬರೆದನು. 1543ರಲ್ಲಿ ಯೂಕ್ಲಿಡನ ರೇಖಾಗಣಿತವನ್ನು ಇಟಾಲಿಯನ್‌ಗೆ ತಂದು ಅಚ್ಚು ಹಾಕಿಸಿದನು. ಯೂರೋಪಿನ ಆಡುನುಡಿಗಳಲ್ಲಿ ಅಚ್ಚಾದ ಯೂಕ್ಲಿಡ್ ಅದೇ ಮೊದಲು. 1546ರ ಗ್ರಂಥವಂತೂ ದೊರೆಗಳು, ಫಿರಂಗಿಯವರು, ಪಂಡಿತರು ಕೇಳಿದ ಪ್ರಶ್ನೆಗಳಿಗೆ ಉತ್ತರಗಳ ಸಂಭಾಷಣೆ. ಅದನ್ನು ಇಂಗ್ಲೆಂಡಿನ ಎಂಟನೆಯ ಹೆನ್ರಿಗೆ ಅರ್ಪಿಸಿದನು; ಆದರೆ ಬರೆದದ್ದು ತನ್ನೂರಿನ ಜನಕ್ಕೆ ಅರ್ಥವಾಗುವ ಮಾತಿನಲ್ಲಿ.

ಗಡಿನಾಡಿನಲ್ಲಿ ಕನ್ನಡ ಶಾಲೆ ನಡೆಸುತ್ತಿರುವ ನಮಗೆ ಈ ಸಂಗತಿ ಹೃದಯಕ್ಕೆ ಹತ್ತಿರವಾದದ್ದು. ವಿಜ್ಞಾನವನ್ನು ಕನ್ನಡದಲ್ಲಿ ಕಲಿತರೆ ಮಕ್ಕಳ ಮುಂದಿನ ದಾರಿ ಏನು ಎಂದು ಪೋಷಕರು ದಾಖಲಾತಿಯ ದಿನ ಕೇಳುತ್ತಾರೆ. ಅವರ ಆತಂಕ ಸುಳ್ಳಲ್ಲ. ಅದನ್ನು ಹಗುರವಾಗಿ ತಳ್ಳಿಹಾಕುವ ಹಕ್ಕು ನಮಗಿಲ್ಲ. ಇಂಗ್ಲಿಷನ್ನು ಚೆನ್ನಾಗಿ ಕಲಿಸುವ ಹೊಣೆಯೂ ನಮ್ಮದೇ. ನಾವು ಹೇಳುವುದು ಇಷ್ಟು: ಓರೆ, ಎಸೆತ, ಬೀಳು, ದೂರ ಎಂಬ ಮಾತುಗಳು ಮಗುವಿನ ಬಾಯಲ್ಲಿ ಮೊದಲೇ ಇವೆ. ಆ ಮಾತುಗಳ ಮೇಲೆ ಕಟ್ಟಿದ ಪರವಲಯ ಬೇಗ ಕುಸಿಯುವುದಿಲ್ಲ.

ಬಚ್ಚಿಟ್ಟ ವಿದ್ಯೆ

ನಿಕೊಲೊವನ್ನು ದೋಷವಿಲ್ಲದ ಮಹಾತ್ಮನೆಂದು ಚಿತ್ರಿಸಿದರೆ ಸತ್ಯಕ್ಕೆ ಅಪಚಾರವಾದೀತು. ಆರ್ಕಿಮಿಡೀಸನ ಕೆಲವು ಕೃತಿಗಳ ಹಳೆಯ ಲ್ಯಾಟಿನ್ ಅನುವಾದವನ್ನು, ಅನುವಾದಿಸಿದವನ ಹೆಸರನ್ನು ಹೇಳದೆ ಅವನು ಅಚ್ಚು ಹಾಕಿಸಿದನು. ಇನ್ನು ಅವನ ಬದುಕನ್ನೇ ಕಹಿಮಾಡಿದ್ದು ಘನ ಸಮೀಕರಣದ ಪ್ರಸಂಗ.

ಆ ಕಾಲದಲ್ಲಿ ಗಣಿತಜ್ಞರು ತಮ್ಮ ಸೂತ್ರಗಳನ್ನು ಕುಸ್ತಿಪಟುಗಳು ಪಟ್ಟುಗಳನ್ನು ಬಚ್ಚಿಡುವಂತೆ ಬಚ್ಚಿಡುತ್ತಿದ್ದರು. ಸಾರ್ವಜನಿಕ ಪಂದ್ಯದಲ್ಲಿ ಗೆದ್ದವನಿಗೆ ಕೀರ್ತಿ, ಶಿಷ್ಯರು, ಕೆಲಸ. 1535ರಲ್ಲಿ ಫಿಯೋರ್ ಎಂಬವನು ನಿಕೊಲೊವಿಗೆ ಸವಾಲೆಸೆದನು. ತಲಾ ಮೂವತ್ತು ಲೆಕ್ಕಗಳು. ಫಿಯೋರ್ ಕೊಟ್ಟವೆಲ್ಲ ಘನ ಸಮೀಕರಣಗಳೇ. ಅದರ ರಹಸ್ಯವನ್ನು ಅವನು ಬೊಲೊನ್ಯದ ತನ್ನ ಗುರು ಶಿಪಿಯೋನೆ ದೆಲ್ ಫೆರ್ರೋನಿಂದ ಪಡೆದಿದ್ದನು. ಗಡುವು ಮುಗಿಯುವ ಕೆಲವೇ ದಿನಗಳ ಮೊದಲು, ಫೆಬ್ರುವರಿಯ ಒಂದು ರಾತ್ರಿ, ನಿಕೊಲೊವಿಗೆ ಸೂತ್ರ ಹೊಳೆಯಿತು. ಎರಡು ಗಂಟೆಗಳೊಳಗೆ ಮೂವತ್ತನ್ನೂ ಬಿಡಿಸಿದನು.

ಈ ಸುದ್ದಿ ಮಿಲಾನಿನ ವೈದ್ಯನೂ ಗಣಿತಜ್ಞನೂ ಆದ ಕಾರ್ಡಾನೋನ ಕಿವಿಗೆ ಬಿತ್ತು. 1539ರಲ್ಲಿ ಅವನು ನಿಕೊಲೊವನ್ನು ಕರೆಸಿ, ಯಾರಿಗೂ ಹೇಳುವುದಿಲ್ಲವೆಂದು ಆಣೆಯಿಟ್ಟು, ಸೂತ್ರವನ್ನು ಪಡೆದನು. ನಿಕೊಲೊ ಅದನ್ನು ಒಂದು ಪದ್ಯದ ರೂಪದಲ್ಲಿ ಕೊಟ್ಟನು. ತಾನೇ ಗ್ರಂಥ ಬರೆದು ಪ್ರಕಟಿಸುವೆನೆಂಬುದು ಅವನ ಎಣಿಕೆ. ಆದರೆ ವರ್ಷಗಳು ಕಳೆದರೂ ಬರೆಯಲಿಲ್ಲ. ಇತ್ತ ಕಾರ್ಡಾನೋ ಮತ್ತು ಅವನ ಶಿಷ್ಯ ಫೆರ್ರಾರಿ, ಇದೇ ಸೂತ್ರವನ್ನು ದೆಲ್ ಫೆರ್ರೋ ಮೊದಲೇ ಬರೆದಿಟ್ಟಿದ್ದನ್ನು ಬೊಲೊನ್ಯದಲ್ಲಿ ಕಂಡು, ಆಣೆಗೆ ತಾವು ಕಟ್ಟುಬಿದ್ದಿಲ್ಲವೆಂದು ಭಾವಿಸಿದರು. 1545ರಲ್ಲಿ ಕಾರ್ಡಾನೋನ ಆರ್ಸ್ ಮಾಗ್ನಾ ಹೊರಬಂದಿತು. ದೆಲ್ ಫೆರ್ರೋ ಹಾಗೂ ಟಾರ್ಟಾಲಿಯರ ಹೆಸರು ಅದರಲ್ಲಿ ಇತ್ತು. ಆದರೆ ಸೂತ್ರ ಕಾರ್ಡಾನೋನದೆಂದೇ ಪ್ರಸಿದ್ಧವಾಯಿತು.

ನಿಕೊಲೊವಿನ ಕೋಪಕ್ಕೆ ಮಿತಿಯಿರಲಿಲ್ಲ. ಕಾರ್ಡಾನೋ ಎದುರು ನಿಲ್ಲಲಿಲ್ಲ; ನಿಂತವನು ಫೆರ್ರಾರಿ. ಕಾರ್ಡಾನೋನ ಮನೆಗೆ ಆಳಾಗಿ ಬಂದು, ಅಲ್ಲಿಯೇ ಕಲಿತು ಬೆಳೆದ ಹುಡುಗ ಅವನು. ತನ್ನಂತೆಯೇ ಕೆಳಗಿನಿಂದ ಮೇಲೆ ಬಂದ ಆ ತರುಣನಲ್ಲಿ ನಿಕೊಲೊ ತನ್ನ ಬಾಲ್ಯವನ್ನು ಕಾಣದೆ ಹೋದನು. 1548ರ ಆಗಸ್ಟ್ 10ರಂದು ಮಿಲಾನಿನ ಒಂದು ಚರ್ಚಿನಲ್ಲಿ ಇಬ್ಬರ ವಾದ ನಡೆಯಿತು. ಸೇರಿದ್ದವರು ಫೆರ್ರಾರಿಯ ಊರಿನವರು. ಮಾತಿನ ಆ ಅಖಾಡದಲ್ಲಿ ತೊದಲು ನಾಲಿಗೆ ಸೋತಿತು. ವಾದ ಮುಗಿಯುವ ಮೊದಲೇ ನಿಕೊಲೊ ಊರು ಬಿಟ್ಟನು. ಬ್ರೆಶಾದಲ್ಲಿ ದೊರೆತಿದ್ದ ಉಪನ್ಯಾಸದ ಕೆಲಸವೂ ಬಹುಕಾಲ ಉಳಿಯಲಿಲ್ಲ, ಸಂಬಳವೂ ಕೈಸೇರಲಿಲ್ಲ. ವೆನಿಸ್‌ಗೆ ಮರಳಿ, ಲೆಕ್ಕ ಕಲಿಸುತ್ತ, ಸಂಖ್ಯೆ ಮತ್ತು ಅಳತೆಗಳ ಕುರಿತ ದೊಡ್ಡ ಗ್ರಂಥವೊಂದನ್ನು ಬರೆಯುತ್ತ, 1557ರ ಡಿಸೆಂಬರ್ 13ರಂದು ಬಡವನಾಗಿಯೇ ತೀರಿಕೊಂಡನು. ಗ್ರಂಥದ ಕೊನೆಯ ಭಾಗಗಳು ಅವನ ಮರಣಾನಂತರ ಅಚ್ಚಾದವು.

ಉಳಿದದ್ದು

ನಿಕೊಲೊವಿನ ಬದುಕನ್ನು ಮುಗಿಸಿ ನೋಡಿದಾಗ ಒಂದು ವಿಚಾರ ಎದ್ದು ತೋರುತ್ತದೆ. ಘನ ಸಮೀಕರಣದ ಸೂತ್ರವನ್ನು ಅವನು ಬಚ್ಚಿಟ್ಟನು. ಅದು ಅವನಿಗೆ ಜಗಳವನ್ನೂ ಕಹಿಯನ್ನೂ ತಂದಿತು. ಫಿರಂಗಿಯ ಪ್ರಶ್ನೆಗೆ ಕಂಡ ಉತ್ತರವನ್ನು, ಅರೆಕೊರೆಯಿದ್ದರೂ, ಎಲ್ಲರ ಮಾತಿನಲ್ಲಿ ಬರೆದು ಹಂಚಿದನು. ಅದು ಅವನ ಕೈಬಿಟ್ಟು ಮುಂದೆ ನಡೆಯಿತು. ಗೆಲಿಲಿಯೊ ಗೃಹಬಂಧನದಲ್ಲಿ, ಕಣ್ಣು ಕಳೆದುಕೊಂಡ ಮುಪ್ಪಿನಲ್ಲಿ, 1638ರಲ್ಲಿ ಹಾಲೆಂಡಿನ ಲೈಡನ್‌ನಿಂದ ಹೊರತಂದ ಗ್ರಂಥದಲ್ಲಿ ಆರನೆಯ ಗುರುತಿನ ಮಾತು ಮತ್ತೆ ಬರುತ್ತದೆ. ಅತಿ ದೂರ ಹೋಗುವ ಓರೆ ಅದೆಂದು ಫಿರಂಗಿಯವರಿಂದ ಕೇಳಿ ತಿಳಿಯುವುದು ಒಂದು, ಅದೇ ಏಕೆಂದು ಕಾರಣ ಸಹಿತ ಅರಿಯುವುದು ಅದಕ್ಕಿಂತ ಎಷ್ಟೋ ದೊಡ್ಡದು ಎಂಬುದು ಅಲ್ಲಿಯ ಅಭಿಪ್ರಾಯ. ಒಬ್ಬನು ಕೇಳಿದ, ಒಬ್ಬನು ಊಹಿಸಿದ, ಒಬ್ಬನು ಅಳೆದ, ಒಬ್ಬನು ಸಾಧಿಸಿದ. ಶಾಲೆ ಎಂಬುದೂ ಹಾಗೆಯೇ ಸಾಗುವಂಥದ್ದು.

ಈ ನೂರು ವರ್ಷಗಳಲ್ಲಿ ನಮ್ಮ ಶಾಲೆಯ ಉಪಾಧ್ಯಾಯರು ಹೇಳಿದ್ದರಲ್ಲಿ ಎಷ್ಟೋ ಅರೆಕೊರೆ ಇದ್ದಿರಬೇಕು. ಅವರು ಬಚ್ಚಿಡಲಿಲ್ಲ ಎಂಬುದೊಂದೇ ನಮ್ಮ ಹೆಮ್ಮೆ. ಹಳೆವಿದ್ಯಾರ್ಥಿಗಳಲ್ಲಿ ನಮ್ಮ ಕೋರಿಕೆ ಇಷ್ಟು: ನೀವು ಕಲಿತದ್ದನ್ನು ವರ್ಷಕ್ಕೊಮ್ಮೆಯಾದರೂ ಬಂದು ಇಲ್ಲಿಯ ಮಕ್ಕಳಿಗೆ ಕನ್ನಡದಲ್ಲಿ ಹೇಳಿರಿ. ಪಾಠ ಅರ್ಧ ಅಕ್ಷರದಲ್ಲಿ ನಿಲ್ಲುವ ಮಗು ಕಂಡರೆ ನಮಗೊಂದು ಮಾತು ತಿಳಿಸಿರಿ.

ಬರುವ ಪ್ರವಾಸಕ್ಕೆ ಒಂದು ಮಟ್ಟಗೋಲು, ಒಂದು ತೂಗುಗುಂಡು, ಒಂದು ಕೋನಮಾಪಕವನ್ನು ಒಯ್ಯಬೇಕೆಂದು ಗಣಿತದ ಅಧ್ಯಾಪಕರೊಡನೆ ನಿಶ್ಚಯಿಸಿದ್ದೇವೆ. ಬೇಕಲ ಕೋಟೆಯ ಮೂರು ನೆಲೆಯ ಕಿಂಡಿಗಳು ಎಷ್ಟೆಷ್ಟು ಓರೆಯಾಗಿವೆಯೆಂದು ಮಕ್ಕಳೇ ಅಳೆದು ಬರೆದುಕೊಳ್ಳಲಿ. ಮಾತು ತಡೆಯುವ ಮಗುವಿದ್ದರೆ ದಾರ ಹಿಡಿಯುವ ಕೆಲಸ ಮೊದಲು ಅದರ ಪಾಲಿಗೆ.